ಮನೆಯ ಪುಟ್ಟ ಕಾರ್ಯಾಗಾರಕ್ಕೆ ಪ್ರೊಪೇನ್ ಹೀಟರ್: ಸಿಲಿಂಡರ್ ಎಲ್ಲಿಡಬೇಕು, ಹೊಗೆ ಎಲ್ಲಿಗೆ ಹೋಗಬೇಕು?

ಅರಗಿನಬಣ್ಣ, ಮಿನೆಸೋಟ · ಅಕ್ಟೋಬರ್ 5

ಎಲ್ಲರಿಗೂ ನಮಸ್ಕಾರ. ನಾನು ಚನ್ನಪಟ್ಟಣದ ಕಡೆಯವನು, ಹನ್ನೊಂದು ವರ್ಷಗಳಿಂದ ಮಿನಿಯಾಪೊಲಿಸ್ ಸಮೀಪ ವಾಸವಾಗಿದ್ದೇನೆ. ಮನೆಯ ಹಿಂದೆ ಪ್ರತ್ಯೇಕವಾಗಿ ನಿಂತಿರುವ 14 ಅಡಿ ಅಗಲ, 22 ಅಡಿ ಉದ್ದ, 9 ಅಡಿ ಎತ್ತರದ ಗ್ಯಾರೇಜನ್ನು ಕಾರ್ಯಾಗಾರ ಮಾಡಿಕೊಂಡು, ಅಲ್ಲೊಂದು ಲೇಥ್ (ಮರವನ್ನು ತಿರುಗಿಸಿ ಕಡೆಯುವ ಯಂತ್ರ) ಇಟ್ಟು, ಊರಿನಲ್ಲಿ ದೊಡ್ಡಪ್ಪನವರ ಬಳಿ ಕಲಿತ ಗೊಂಬೆ ಮಾಡುವ ಕೆಲಸವನ್ನು ಬಿಡುವಿನ ದಿನಗಳಲ್ಲಿ ಮುಂದುವರಿಸಿದ್ದೇನೆ. ನಮ್ಮ ಆಲೆಮರ ಇಲ್ಲಿ ಸಿಗುವುದಿಲ್ಲವಾದ್ದರಿಂದ ಮೇಪಲ್ ಮರವನ್ನು ಬಳಸುತ್ತೇನೆ.

ನವೆಂಬರ್‌ನಿಂದ ಏಪ್ರಿಲ್‌ವರೆಗೆ ಕೆಲಸ ನಿಂತೇ ಹೋಗುತ್ತದೆ ಎಂಬುದು ನನ್ನ ತೊಂದರೆ. ತಿರುಗುತ್ತಿರುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿದಾಗ ತಿಕ್ಕಾಟದ ಬಿಸಿಗೆ ಅರಗು ಕರಗಿ ಸಮನಾಗಿ ಹರಡಬೇಕು. ಮರವೇ ಕೊರೆಯುವಷ್ಟು ತಣ್ಣಗಿದ್ದರೆ ಅದು ಗಂಟುಗಂಟಾಗಿ ಕೂರುತ್ತದೆ. ಮರ ಅಂಟಿಸುವ ಬಿಳಿ ಅಂಟು ಕೂಡ ಸುಮಾರು 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹಿಡಿಯದೆ ಸುಣ್ಣದಂತೆ ಪುಡಿಯಾಗುತ್ತದೆ.

ಹೊರಗೆ ಅಡುಗೆ ಮಾಡುವ ಗ್ರಿಲ್ಲಿನ 20 ಪೌಂಡ್ ಪ್ರೊಪೇನ್ ಸಿಲಿಂಡರ್ ನನ್ನ ಬಳಿ ಇದೆ. ಗೋಡೆಗೆ ತೂಗುಹಾಕುವ, ಹೊಗೆ ಕೊಳವೆ ಬೇಡದ, ಗಂಟೆಗೆ 30,000 ಬಿಟಿಯು (ಶಾಖದ ಒಂದು ಅಳತೆ) ಹೀಟರ್ ಕೊಂಡು, ಸಿಲಿಂಡರನ್ನು ಒಳಗೇ ಮೂಲೆಯಲ್ಲಿಟ್ಟು ರಬ್ಬರ್ ಹೋಸಿನಿಂದ ಜೋಡಿಸಬೇಕೆಂದು ಯೋಚಿಸಿದ್ದೆ. ಈ ನಡುವೆ ಸ್ನೇಹಿತರೊಬ್ಬರು ತಮ್ಮ ಗ್ಯಾರೇಜಿನಿಂದ ಬಿಚ್ಚಿದ 45,000 ಬಿಟಿಯು ಹೀಟರನ್ನು ಉಚಿತವಾಗಿ ಕೊಡುತ್ತೇನೆ ಎಂದಿದ್ದಾರೆ. ಅದರ ಫಲಕದ ಮೇಲೆ ನೈಸರ್ಗಿಕ ಅನಿಲಕ್ಕೆ ಎಂದು ಬರೆದಿದೆ. ಅನಿಲ ಯಾವುದಾದರೇನು, ಉರಿಯುವುದು ತಾನೇ ಎಂದು ಅವರ ಮಾತು. ಈ ಎರಡರಲ್ಲಿ ಯಾವುದು ಸರಿ, ಹೇಗೆ ಜೋಡಿಸಬೇಕು ಎಂದು ತಿಳಿದವರು ದಯವಿಟ್ಟು ಹೇಳಬೇಕು.

ನೀಲಿಜ್ವಾಲೆ, ಒಂಟಾರಿಯೊ · ಅಕ್ಟೋಬರ್ 5

ಕೇಳಿ ಒಳ್ಳೆಯದು ಮಾಡಿದಿರಿ. ನಾನು ಇಲ್ಲಿ ಪರವಾನಗಿ ಪಡೆದು ಅನಿಲ ಜೋಡಣೆಯ ಕೆಲಸ ಮಾಡುವವನು. ನಿಮ್ಮ ಎರಡೂ ಯೋಜನೆಗಳನ್ನು ಈಗಲೇ ಕೈಬಿಡಿ ಎಂದು ಕೇಳಿಕೊಳ್ಳುತ್ತೇನೆ, ಕಾರಣಗಳನ್ನೂ ಹೇಳುತ್ತೇನೆ.

ಮೊದಲು ಸಿಲಿಂಡರ್ ವಿಷಯ. ಪ್ರೊಪೇನ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಸೋರಿದರೆ ಅದು ಮೇಲೇರಿ ಕಿಟಕಿಯಿಂದ ಹೋಗುವುದಿಲ್ಲ, ನೀರಿನಂತೆ ನೆಲಕ್ಕೆ ಇಳಿದು ತಗ್ಗಿನಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಶೇಕಡಾ 2.1 ಮುಟ್ಟಿದರೆ ಕಿಡಿಗೆ ಹೊತ್ತಿಕೊಳ್ಳುತ್ತದೆ. ನಿಮ್ಮ ಕಾರ್ಯಾಗಾರದ ಗಾಳಿ ಸುಮಾರು 78 ಘನ ಮೀಟರ್. ಇಡೀ ಕೋಣೆಯಲ್ಲಿ ಸಮನಾಗಿ ಬೆರೆತರೂ ಮೂರು ಕಿಲೋದಷ್ಟು ಪ್ರೊಪೇನ್ ಸಾಕು, ನಿಮ್ಮ ಸಿಲಿಂಡರಿನಲ್ಲಿ ಒಂಬತ್ತು ಕಿಲೋ ಇದೆ. ಆದರೆ ಅದು ಸಮನಾಗಿ ಬೆರೆಯುವುದಿಲ್ಲ, ಕೆಳಗಿನ ಒಂದಡಿಯಲ್ಲಿ ಶೇಖರವಾಗುತ್ತದೆ, ಆದ್ದರಿಂದ ಅದರ ಒಂದಂಶವೂ ಅನಾಹುತಕ್ಕೆ ಸಾಕು. ಲೇಥಿನ ಮೋಟರು, ಸ್ವಿಚ್ಚು, ಹೀಟರಿನಲ್ಲಿ ಸದಾ ಉರಿಯುವ ಪುಟ್ಟ ಪೈಲಟ್ ಜ್ವಾಲೆ ಎಲ್ಲವೂ ಅದೇ ಕೋಣೆಯಲ್ಲಿವೆ. ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆಯ ಎನ್‌ಎಫ್‌ಪಿಎ 58 ಸಂಹಿತೆಯು ವಾಸದ ಮನೆಯಲ್ಲಿಯೂ ಅದಕ್ಕೆ ಅಂಟಿಕೊಂಡ ಗ್ಯಾರೇಜಿನಲ್ಲಿಯೂ ಸುಮಾರು ಒಂದು ಪೌಂಡ್ ಅನಿಲದ ಪುಟ್ಟ ಡಬ್ಬಿಗಳಿಗಿಂತ ದೊಡ್ಡ ಸಿಲಿಂಡರನ್ನು ಇಡಲು ಬಿಡುವುದಿಲ್ಲ. ನಿಮ್ಮದು ಬೇರೆಯಾಗಿ ನಿಂತ ಕಟ್ಟಡವಾದರೂ ಆ ನಿಯಮದ ಹಿಂದಿರುವ ಕಾರಣ ಅಲ್ಲಿಗೂ ಅಷ್ಟೇ ಅನ್ವಯಿಸುತ್ತದೆ. ಸಿಲಿಂಡರ್ ಹೊರಗೇ ಇರಬೇಕು.

ಇನ್ನು ನೈಸರ್ಗಿಕ ಅನಿಲದ ಹೀಟರ್. ಒಂದು ಘನ ಅಡಿ ನೈಸರ್ಗಿಕ ಅನಿಲದಲ್ಲಿ ಸುಮಾರು 1,000 ಬಿಟಿಯು ಶಾಖವಿದ್ದರೆ ಅಷ್ಟೇ ಪ್ರೊಪೇನಿನಲ್ಲಿ ಸುಮಾರು 2,500 ಇದೆ. ನೈಸರ್ಗಿಕ ಅನಿಲವು ಬರ್ನರಿಗೆ 3.5 ಅಂಗುಲ ನೀರಿನ ಒತ್ತಡದಲ್ಲಿ (ಅಷ್ಟು ಎತ್ತರದ ನೀರಿನ ಕಂಬ ಒತ್ತುವಷ್ಟು) ಹೋಗುತ್ತದೆ, ಪ್ರೊಪೇನ್ ಸಾಮಾನ್ಯವಾಗಿ 10 ಅಂಗುಲದಲ್ಲಿ. ಅನಿಲ ಹೊಮ್ಮುವ ರಂಧ್ರವನ್ನೂ ಕವಾಟದ ಸ್ಪ್ರಿಂಗನ್ನೂ ಬದಲಿಸದೆ ಜೋಡಿಸಿದರೆ 45,000 ಬಿಟಿಯುಗೆ ಮಾಡಿದ ಪೆಟ್ಟಿಗೆಯಲ್ಲಿ ಅದರ ಎರಡೂವರೆ ಪಟ್ಟಿಗೂ ಹೆಚ್ಚು ಬೆಂಕಿ ಉರಿಯುತ್ತದೆ. ಅಷ್ಟಕ್ಕೆ ಬೇಕಾದ ಗಾಳಿ ಒಳಗೆ ಬಾರದೆ ಜ್ವಾಲೆ ಹಳದಿಯಾಗಿ, ಮಸಿ ಕಟ್ಟಿ, ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಧಾರಾಳವಾಗಿ ಹುಟ್ಟುತ್ತದೆ. ಆ ಮಾದರಿಗೆ ತಯಾರಕರೇ ಪರಿವರ್ತನಾ ಕಿಟ್ ಕೊಡುತ್ತಿದ್ದರೆ ಅದನ್ನು ತಿಳಿದವರಿಂದ ಹಾಕಿಸಬಹುದು. ಕಿಟ್ ಇಲ್ಲದಿದ್ದರೆ ಅದು ಉಚಿತವಾಗಿ ಬಂದರೂ ಬೇಡ.

ಉಳಿಸುತ್ತಿಗೆ, ವಿಸ್ಕಾನ್ಸಿನ್ · ಅಕ್ಟೋಬರ್ 6

ಸಿಲಿಂಡರ್ ಹೊರಗಿರಬೇಕೆಂಬುದನ್ನು ಒಪ್ಪುತ್ತೇನೆ. ಆದರೆ ಹೊಗೆ ಕೊಳವೆಯಿಲ್ಲದ ಹೀಟರನ್ನು ಪೂರ್ತಿ ತಳ್ಳಿಹಾಕುವುದು ಸರಿಯಲ್ಲವೆಂದು ನನಗೆ ತೋರುತ್ತದೆ. ಎರಡು ಚಳಿಗಾಲ ನಾನು ಅದನ್ನೇ ಬಳಸಿದ್ದೇನೆ. ಗೋಡೆ ಕೊರೆಯಬೇಕಿಲ್ಲ, ಬೆಲೆಯೂ ಕಡಿಮೆ, ಉರಿದ ಶಾಖವೆಲ್ಲ ಕೋಣೆಯಲ್ಲೇ ಉಳಿಯುತ್ತದೆ. ಆಮ್ಲಜನಕ ಕಡಿಮೆಯಾದರೆ ತಾನೇ ಆರಿಸುವ ಸಾಧನವೂ ಅದರಲ್ಲಿದೆ. ಕಿಟಕಿಯನ್ನು ಎರಡು ಬೆರಳಿನಷ್ಟು ತೆರೆದಿಟ್ಟರೆ ಸಾಕೆಂದು ಕೈಪಿಡಿಯಲ್ಲಿ ಓದಿದ ನೆನಪು.

ಒಂದು ಮಾತ್ರ ಪ್ರಾಮಾಣಿಕವಾಗಿ ಹೇಳಬೇಕು. ಮೊದಲ ಚಳಿಗಾಲದಲ್ಲಿಯೇ ನನ್ನ ಗರಗಸದ ಮೇಜಿನ ಎರಕದ ಕಬ್ಬಿಣವೆಲ್ಲ ಕೆಂಪು ತುಕ್ಕು ಹಿಡಿಯಿತು, ಉಳಿಗಳ ಬಾಯಿಯೂ ಕೆಟ್ಟಿತು. ಬೂಟಿನಲ್ಲಿ ಒಳಗೆ ಬಂದ ಹಿಮವೇ ಕಾರಣವೆಂದು ಬಹಳ ದಿನ ನಂಬಿದ್ದೆ.

ರಸಾಯನ ಮೇಷ್ಟ್ರು, ಧಾರವಾಡ · ಅಕ್ಟೋಬರ್ 6

ಉಳಿಸುತ್ತಿಗೆಯವರೇ, ತಮ್ಮ ಗರಗಸವನ್ನು ಕೆಡಿಸಿದ್ದು ಹಿಮವಲ್ಲ, ಹೀಟರೇ. ಪ್ರೊಪೇನಿನ ಒಂದು ಅಣುವಿನಲ್ಲಿ ಮೂರು ಇಂಗಾಲ, ಎಂಟು ಜಲಜನಕ ಪರಮಾಣುಗಳಿವೆ. ಅದು ಐದು ಆಮ್ಲಜನಕ ಅಣುಗಳೊಡನೆ ಉರಿದು ಮೂರು ಇಂಗಾಲದ ಡೈಆಕ್ಸೈಡ್ ಅಣುಗಳನ್ನೂ ನಾಲ್ಕು ನೀರಿನ ಅಣುಗಳನ್ನೂ ಕೊಡುತ್ತದೆ. ತೂಕದಲ್ಲಿ ಹೇಳುವುದಾದರೆ ಒಂದು ಕಿಲೋ ಪ್ರೊಪೇನ್ ಉರಿದಾಗ 1.6 ಕಿಲೋಗಿಂತ ಸ್ವಲ್ಪ ಹೆಚ್ಚು ನೀರು ಹುಟ್ಟುತ್ತದೆ. 30,000 ಬಿಟಿಯು ಹೀಟರ್ ಗಂಟೆಗೆ ಸುಮಾರು 0.63 ಕಿಲೋ ಅನಿಲ ಉರಿಸುತ್ತದೆ, ಅಂದರೆ ಹೊಗೆ ಕೊಳವೆಯಿಲ್ಲದಿದ್ದರೆ ಗಂಟೆಗೊಂದು ಲೀಟರ್ ನೀರನ್ನು ಆವಿಯಾಗಿ ಕೋಣೆಯೊಳಕ್ಕೆ ಸುರಿಯುತ್ತದೆ. ಬೆಳಗಿನಿಂದ ಸಂಜೆಯವರೆಗೆ ಎಂಟು ಲೀಟರ್. ಅದು ತಣ್ಣಗಿರುವ ಕಬ್ಬಿಣ, ಗಾಜು, ಗೋಡೆಯ ಒಳಮೈಗಳ ಮೇಲೆ ಕೂತು ಹನಿಯಾಗುತ್ತದೆ. ಮರವೂ ಆ ತೇವವನ್ನು ಹೀರುತ್ತದೆ. ಗೊಂಬೆ ಮಾಡುವವರಿಗೆ ಇದು ಇನ್ನೂ ಮುಖ್ಯ, ಏಕೆಂದರೆ ತೇವದಲ್ಲಿ ಉಬ್ಬಿದ ಮರದ ಮೇಲೆ ಹಚ್ಚಿದ ಅರಗು ಮರ ಒಣಗಿ ಕುಗ್ಗಿದಾಗ ಬಿರುಕು ಬಿಟ್ಟೀತು.

ಪ್ರಶ್ನೆ ಕೇಳಿದವರಿಗೆ ಇನ್ನೊಂದು ಮಾತು. ನಮ್ಮ ದೇಶದ ಅಡುಗೆ ಅನಿಲದ ಅನುಭವವನ್ನು ಅಲ್ಲಿಗೆ ನೇರವಾಗಿ ಒಯ್ಯಬೇಡಿ. ಇಲ್ಲಿನ 14.2 ಕಿಲೋ ಸಿಲಿಂಡರಿನಲ್ಲಿರುವುದು ಬ್ಯುಟೇನ್ ಮತ್ತು ಪ್ರೊಪೇನ್‌ಗಳ ಮಿಶ್ರಣ. ಬ್ಯುಟೇನ್ ಕುದಿಯುವುದು ಸೊನ್ನೆ ಡಿಗ್ರಿಗೆ ಅರ್ಧ ಡಿಗ್ರಿ ಕೆಳಗೆ. ನಿಮ್ಮ ಚಳಿಯಲ್ಲಿ ಅದು ಹೊರಗಿದ್ದರೆ ದ್ರವವಾಗಿಯೇ ಉಳಿಯುತ್ತದೆ. ಪ್ರೊಪೇನ್ ಕುದಿಯುವುದು ಸೊನ್ನೆಗಿಂತ 42 ಡಿಗ್ರಿ ಕೆಳಗೆ, ಅದಕ್ಕೇ ಅಲ್ಲಿ ಬಹುಪಾಲು ಶುದ್ಧ ಪ್ರೊಪೇನನ್ನೇ ಮಾರುತ್ತಾರೆ. ಅದಕ್ಕೂ ಒಂದು ಮಿತಿಯಿದೆ. ನಿಮ್ಮ ಮಿನೆಸೋಟದಲ್ಲಿಯೇ 1996ರ ಫೆಬ್ರವರಿ 2ರಂದು ಟವರ್ ಎಂಬ ಊರಿನ ಬಳಿ ಉಷ್ಣತೆ ಸೊನ್ನೆಗಿಂತ 51 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಳಿದಿತ್ತು. ಅಂಥ ಚಳಿ ಸಿಲಿಂಡರಿನ ಒಳಗಿನ ದ್ರವಕ್ಕೂ ತಟ್ಟಿದರೆ ಅದು ಕುದಿಯುವುದೇ ಇಲ್ಲ, ಹೊರಗೆ ಬರಲು ಬೇಕಾದ ಒತ್ತಡ ಒಳಗೆ ಇರುವುದಿಲ್ಲ.

ಶುಶ್ರೂಷೆ, ಮಿಶಿಗನ್ · ಅಕ್ಟೋಬರ್ 7

ತುರ್ತು ಚಿಕಿತ್ಸಾ ವಿಭಾಗದಲ್ಲಿ ದಾದಿಯಾಗಿರುವ ನಾನು ಇಲ್ಲಿ ಸುಮ್ಮನಿರಲಾರೆ. ಪ್ರತಿ ಚಳಿಗಾಲದಲ್ಲಿಯೂ ಇಂಥ ರೋಗಿಗಳು ಬರುತ್ತಾರೆ. ತಲೆನೋವು, ವಾಕರಿಕೆ, ಸುಸ್ತು ಎನ್ನುತ್ತಾರೆ. ಜ್ವರವಿಲ್ಲದ ಫ್ಲೂ ಎಂದು ಮನೆಯವರು ತಿಳಿದಿರುತ್ತಾರೆ. ಕಾರ್ಬನ್ ಮಾನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್ನನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸಿಲಿಂಡರಿನ ಅನಿಲಕ್ಕೆ ಬೆರೆಸಿರುವ ಕೊಳೆತ ವಾಸನೆಯ ಮರ್ಕ್ಯಾಪ್ಟನ್ ಕೂಡ ಅನಿಲದೊಂದಿಗೆ ಉರಿದುಹೋಗಿರುತ್ತದೆ. ಬೆಂಗಳೂರಿನಲ್ಲಿ ಗಾಳಿಕಿಂಡಿಯಿಲ್ಲದ ಬಚ್ಚಲುಮನೆಯ ಗ್ಯಾಸ್ ಗೀಸರಿನಿಂದ ಸತ್ತವರ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಅಲ್ಲಿ ಆದದ್ದೂ ಇದೇ.

ಉಳಿಸುತ್ತಿಗೆ ಅಣ್ಣ, ನೀವು ನಂಬಿರುವ ಆ ಸಾಧನ ಕೋಣೆಯ ಆಮ್ಲಜನಕ ಸುಮಾರು ಶೇಕಡಾ 18ಕ್ಕೆ ಇಳಿದಾಗ ಹೀಟರನ್ನು ಆರಿಸುತ್ತದೆ, ಅಷ್ಟೇ. ಅದು ಕಾರ್ಬನ್ ಮಾನಾಕ್ಸೈಡನ್ನು ಅಳೆಯುವುದಿಲ್ಲ. ಬರ್ನರಿನೊಳಗೆ ಮರದ ಪುಡಿ ಕೂತು ಜ್ವಾಲೆ ಕೆಟ್ಟರೆ, ಆಮ್ಲಜನಕ ಸಾಕಷ್ಟಿದ್ದಾಗಲೂ ವಿಷ ಹುಟ್ಟಬಹುದು. ಮರಗೆಲಸದ ಕೋಣೆಯಲ್ಲಿ ಪುಡಿಯಿಲ್ಲದ ದಿನ ಯಾವುದು?

ಅಂಗಡಿಯಲ್ಲಿ ಸಿಗುವ ಸಾಮಾನ್ಯ ಕಾರ್ಬನ್ ಮಾನಾಕ್ಸೈಡ್ ಅಲಾರಂ ಬಗ್ಗೆಯೂ ತಿಳಿದಿರಲಿ. ಅಮೆರಿಕದ ಯುಎಲ್ 2034 ಮಾನದಂಡದ ಪ್ರಕಾರ ಹತ್ತು ಲಕ್ಷಕ್ಕೆ 70 ಭಾಗ ವಿಷವಿದ್ದರೆ ಅಲಾರಂ ಒಂದರಿಂದ ನಾಲ್ಕು ಗಂಟೆಗಳ ನಡುವೆ ಕೂಗಬೇಕು, 400 ಭಾಗವಿದ್ದರೆ ನಾಲ್ಕರಿಂದ ಹದಿನೈದು ನಿಮಿಷಗಳೊಳಗೆ. 30 ಅಥವಾ 40 ಭಾಗವಿರುವ ಗಾಳಿಯಲ್ಲಿ ನೀವು ದಿನವಿಡೀ ಕೆಲಸ ಮಾಡಿದರೂ ಅದು ಮೌನವಾಗಿರಬಹುದು. ಆದ್ದರಿಂದ ಕಡಿಮೆ ಪ್ರಮಾಣವನ್ನೂ ಅಂಕಿಯಲ್ಲಿ ತೋರಿಸುವ ಮಾಪಕ ತೆಗೆದುಕೊಳ್ಳಿ. ಬಹುತೇಕ ಅಲಾರಂಗಳು ಸುಮಾರು 4ರಿಂದ 38 ಡಿಗ್ರಿ ಸೆಲ್ಸಿಯಸ್‌ನೊಳಗೆ ಕೆಲಸ ಮಾಡುವಂಥವು. ರಾತ್ರಿಯೆಲ್ಲ ಹೆಪ್ಪುಗಟ್ಟಿದ ಗ್ಯಾರೇಜಿನಲ್ಲಿ ಬೆಳಗ್ಗೆ ಅದನ್ನು ನಂಬುವ ಮುನ್ನ ಕೈಪಿಡಿ ನೋಡಿ.

ವಿದ್ಯುತ್ ಶಾಖೆ, ಇಲಿನಾಯ್ · ಅಕ್ಟೋಬರ್ 8

ಹೀಟರಿನ ಮಾತಿಗೆ ಮೊದಲು ಗೋಡೆಯ ಮಾತಾಗಲಿ. ಹೊರಗೆ ಸೊನ್ನೆಗಿಂತ 10 ಡಿಗ್ರಿ ಫ್ಯಾರನ್‌ಹೀಟ್ ಕೆಳಗೆ, ಒಳಗೆ 55 ಡಿಗ್ರಿ ಎಂದಿಟ್ಟುಕೊಂಡು ನಿಮ್ಮ ಅಳತೆಗೆ ಲೆಕ್ಕ ಹಾಕಿದೆ. ಗೋಡೆ ಬರಿದು, ಛಾವಣಿ ಬರಿದು, ಬಾಗಿಲು ತೆಳು ತಗಡಿನದು, ಸಂದುಗಳಿಂದ ಗಾಳಿ ಗಂಟೆಗೆ ಮೂರು ಸಲ ಬದಲಾಗುತ್ತದೆ ಎಂದಾದರೆ ಗಂಟೆಗೆ ಸುಮಾರು 37,000 ಬಿಟಿಯು ಹೊರಗೆ ಹರಿದುಹೋಗುತ್ತದೆ. ಗೋಡೆಗೆ ಆರ್-13, ಮೇಲೆ ಆರ್-38 ಹೊದಿಕೆ (ಆರ್ ಅಂಕಿ ಹೆಚ್ಚಿದಷ್ಟೂ ಶಾಖ ಕಡಿಮೆ ಸೋರುತ್ತದೆ), ಉಷ್ಣ ತಡೆಯುವ ಬಾಗಿಲು, ಸಂದುಗಳಿಗೆ ಪಟ್ಟಿ ಹಾಕಿ ಗಾಳಿಯ ಬದಲಾವಣೆಯನ್ನು ಗಂಟೆಗೆ ಒಂದಕ್ಕೆ ಇಳಿಸಿದರೆ ಅದೇ ನಷ್ಟ ಸುಮಾರು 11,000ಕ್ಕೆ ಬರುತ್ತದೆ. ಅದರಲ್ಲಿಯೂ ಮೂರನೇ ಒಂದರಷ್ಟು ಹೋಗುವುದು ಕಾಂಕ್ರೀಟ್ ನೆಲದ ಅಂಚಿನಿಂದ.

ಹಾಗಿದ್ದಮೇಲೆ ಅನಿಲವೇ ಏಕೆ ಬೇಕು? 240 ವೋಲ್ಟಿನ 5 ಕಿಲೋವ್ಯಾಟ್ ಹೀಟರ್ ಗಂಟೆಗೆ 17,000 ಬಿಟಿಯು ಕೊಡುತ್ತದೆ. ಹೊಗೆಯಿಲ್ಲ, ನೀರಿಲ್ಲ, ಸಿಲಿಂಡರಿಲ್ಲ.

ಅರಗಿನಬಣ್ಣ, ಮಿನೆಸೋಟ · ಅಕ್ಟೋಬರ್ 9

ಇಷ್ಟು ಕಾಳಜಿಯಿಂದ ಬರೆದ ಎಲ್ಲರಿಗೂ ಕೃತಜ್ಞನಾಗಿದ್ದೇನೆ. ಶುಶ್ರೂಷೆ ಅಕ್ಕ ಬರೆದದ್ದನ್ನು ನನ್ನ ಹೆಂಡತಿಗೂ ಓದಿ ಹೇಳಿದೆ. ನಮ್ಮ ಎಂಟು ವರ್ಷದ ಮಗಳು ಬಣ್ಣದ ಕಡ್ಡಿ ಆರಿಸಿಕೊಡಲು ನನ್ನ ಜೊತೆಗೇ ಅಲ್ಲಿ ಕೂರುತ್ತಾಳೆ, ಹಾಗಾಗಿ ಹೊಗೆಯನ್ನು ಒಳಗೇ ಬಿಡುವ ಹೀಟರಿನ ಯೋಚನೆ ಅಲ್ಲಿಗೇ ಮುಗಿಯಿತು.

ವಿದ್ಯುತ್ ಹೀಟರನ್ನು ನಾನೂ ಯೋಚಿಸಿದ್ದೆ. ಗ್ಯಾರೇಜಿಗೆ ಬಂದಿರುವುದು 120 ವೋಲ್ಟಿನ 20 ಆಂಪಿಯರಿನ ಒಂದೇ ಸಾಲು, ಅದನ್ನೂ ಲೇಥ್ ಮತ್ತು ದೀಪಗಳು ಬಳಸುತ್ತವೆ. ಹೊಸ ಸಾಲು ತರಲು ಮನೆಯಿಂದ ಎಪ್ಪತ್ತು ಅಡಿ ನೆಲ ಅಗೆಯಬೇಕು, ನಡುವೆ ಕಾಂಕ್ರೀಟ್ ಹಾದಿಯಿದೆ, ಮನೆಯ ಮುಖ್ಯ ಫಲಕದಲ್ಲಿಯೂ ಜಾಗ ತುಂಬಿದೆ. ಕೇಳಿದ ಇಬ್ಬರು ಎಲೆಕ್ಟ್ರಿಷಿಯನ್ನರೂ ಫಲಕವನ್ನೇ ಬದಲಿಸಬೇಕೆಂದರು. ಈ ವರ್ಷ ಅದು ನನ್ನ ಕೈಗೆಟುಕುವುದಿಲ್ಲ. ಗೋಡೆಗೆ ಹೊದಿಕೆ ಹಾಕುವುದನ್ನು ಮಾತ್ರ ಈ ವಾರವೇ ಶುರುಮಾಡುತ್ತೇನೆ.

ಈಗ ನನ್ನ ಪ್ರಶ್ನೆ ಇಷ್ಟು: ಹೊರಗಿನ ಗಾಳಿಯನ್ನೇ ಎಳೆದುಕೊಂಡು ಹೊಗೆಯನ್ನು ಹೊರಗೇ ಬಿಡುವ 30,000 ಬಿಟಿಯು ಪ್ರೊಪೇನ್ ಹೀಟರನ್ನು ಕೊಂಡರೆ ಸಿಲಿಂಡರಿನಿಂದ ಬರ್ನರಿನವರೆಗೆ ಏನೇನಿರಬೇಕು? ಕೊನೆಯ ಜೋಡಣೆಯನ್ನು ಪರವಾನಗಿ ಇರುವವರಿಂದಲೇ ಮಾಡಿಸುತ್ತೇನೆ, ಆದರೆ ಅವರು ಮಾಡುವುದು ನನಗೆ ಅರ್ಥವಾಗಬೇಕು.

ನೀಲಿಜ್ವಾಲೆ, ಒಂಟಾರಿಯೊ · ಅಕ್ಟೋಬರ್ 10

ಸರಿಯಾದ ನಿರ್ಧಾರ. ನೀವು ಹೇಳುತ್ತಿರುವಂಥ ಹೀಟರಿನಲ್ಲಿ ಉರಿಯುವ ಕೋಣೆ ಕಾರ್ಯಾಗಾರದ ಗಾಳಿಯಿಂದ ಸಂಪೂರ್ಣ ಬೇರೆಯಾಗಿರುತ್ತದೆ. ಮರದ ಪುಡಿ ಜ್ವಾಲೆಯನ್ನು ಮುಟ್ಟುವುದಿಲ್ಲ, ತೆಳುಗೊಳಿಸುವ ದ್ರಾವಕಗಳ ಆವಿ ಒಳಕ್ಕೆ ಹೋಗುವುದಿಲ್ಲ, ಮೇಷ್ಟ್ರು ಹೇಳಿದ ಆ ಎಂಟು ಲೀಟರ್ ನೀರೂ ಗೋಡೆಯಾಚೆಗೆ ಹೋಗುತ್ತದೆ. ಶಾಖದ ಐದನೇ ಒಂದಂಶ ಹೊಗೆಯೊಡನೆ ಹೋಗುತ್ತದೆ ಎಂದುಕೊಂಡರೂ ನಿಮಗೆ 24,000 ಬಿಟಿಯು ಉಳಿಯುತ್ತದೆ. ಹೊದಿಕೆ ಹಾಕಿದ ಕೋಣೆಗೆ ಅದು ಬೇಕಾದ್ದಕ್ಕಿಂತ ಹೆಚ್ಚು, ಆದರೆ ಹೆಪ್ಪುಗಟ್ಟಿದ ಕಾಂಕ್ರೀಟನ್ನು ಬೆಳಗ್ಗೆ ಬೇಗ ಬಿಸಿಮಾಡಲು ಆ ಹೆಚ್ಚುವರಿ ಬೇಕು.

ಇನ್ನು ಸಿಲಿಂಡರ್. ನಿಮ್ಮ 20 ಪೌಂಡಿನದು ಈ ಕೆಲಸಕ್ಕೆ ಸಾಲದು. ಪೂರ್ತಿ ಉರಿಯಲ್ಲಿ ಅದು ಹದಿನಾಲ್ಕು ಗಂಟೆ ಬಂದೀತು ಎಂಬುದು ಲೆಕ್ಕದ ಮಾತು. ನಿಜವಾದ ತೊಂದರೆ ಆವಿಯಾಗುವ ವೇಗದ್ದು. ದ್ರವವು ಅನಿಲವಾಗಲು ಶಾಖ ಬೇಕು, ಆ ಶಾಖವನ್ನು ಅದು ಸಿಲಿಂಡರಿನ ಒದ್ದೆಯಾದ ಗೋಡೆಯ ಮೂಲಕ ಹೊರಗಿನ ಗಾಳಿಯಿಂದಲೇ ಎಳೆದುಕೊಳ್ಳಬೇಕು. ಗಾಳಿ ತಣ್ಣಗಿದ್ದಷ್ಟೂ, ಸಿಲಿಂಡರ್ ಚಿಕ್ಕದಿದ್ದಷ್ಟೂ, ಒಳಗಿನ ದ್ರವ ಇಳಿದಷ್ಟೂ ಅನಿಲ ಕಡಿಮೆ ಬರುತ್ತದೆ. ಹೊರಮೈಯಲ್ಲಿ ಬಿಳಿ ಮಂಜು ಕಟ್ಟುವುದು ಅದರ ಗುರುತು. ಆದ್ದರಿಂದ 100 ಪೌಂಡಿನ ಸಿಲಿಂಡರ್ ಬಾಡಿಗೆಗೆ ತೆಗೆದುಕೊಳ್ಳಿ, ಸಾಧ್ಯವಾದರೆ ಎರಡನ್ನು ಜೋಡಿಸಿಕೊಳ್ಳಿ. ಮಟ್ಟವಾದ ಕಾಂಕ್ರೀಟ್ ಹಲಗೆಯ ಮೇಲೆ ನೆಟ್ಟಗೆ ನಿಲ್ಲಿಸಿ ಬೀಳದಂತೆ ಕಟ್ಟಬೇಕು. ಮಲಗಿಸಿದರೆ ಅನಿಲದ ಬದಲು ದ್ರವವೇ ಕೊಳವೆಗೆ ನುಗ್ಗುತ್ತದೆ, ದ್ರವ ಅನಿಲವಾಗಿ ಸುಮಾರು 270 ಪಟ್ಟು ಹಿಗ್ಗುತ್ತದೆ. ಸಿಲಿಂಡರಿನ ಸುರಕ್ಷತಾ ಕವಾಟಕ್ಕಿಂತ ಕೆಳಗಿರುವ ಕಿಟಕಿ, ಬಾಗಿಲು, ಗಾಳಿಕಿಂಡಿಗಳಿಂದ ಕನಿಷ್ಠ ಮೂರು ಅಡಿ, ಕಿಡಿ ಹುಟ್ಟಿಸಬಲ್ಲ ಯಾವುದೇ ಸಾಧನದಿಂದ ಮತ್ತು ಹೀಟರ್ ಹೊರಗಿನ ಗಾಳಿ ಎಳೆಯುವ ಬಾಯಿಯಿಂದ ಕನಿಷ್ಠ ಐದು ಅಡಿ ದೂರವಿರಬೇಕು. ಬೇರೆ ಕಡೆ ತುಂಬಿಸಿ ತರುವ ಸಿಲಿಂಡರಿಗೆ ಈ ಅಂತರ. ಲಾರಿ ಬಂದು ಅಲ್ಲಿಯೇ ತುಂಬುವುದಾದರೆ ಅಂತರ ಇನ್ನೂ ಹೆಚ್ಚು. ಛಾವಣಿಯಿಂದ ಹಿಮದ ಗಡ್ಡೆ ಜಾರಿ ಬೀಳುವ ಕಡೆ ಮಾತ್ರ ಇಡಲೇಬೇಡಿ, ರೆಗ್ಯುಲೇಟರ್ ಮುರಿದು ಅಪಘಾತವಾದೀತು.

ಸಿಲಿಂಡರಿನೊಳಗಿನ ಒತ್ತಡ ದಿನದ ಚಳಿಯೊಂದಿಗೆ ಏರಿಳಿಯುತ್ತದೆ: 21 ಡಿಗ್ರಿ ಸೆಲ್ಸಿಯಸ್‌ನಲ್ಲಿ 100 ಪಿಎಸ್‌ಐ (ಚದರ ಅಂಗುಲಕ್ಕೆ ಪೌಂಡ್) ದಾಟಿರುತ್ತದೆ, ಸೊನ್ನೆಗಿಂತ 29 ಡಿಗ್ರಿ ಕೆಳಗೆ ಸುಮಾರು 11ಕ್ಕೆ ಕುಸಿದಿರುತ್ತದೆ. ಹೀಟರಿನ ಬಾಯಿಗೆ ಬೇಕಾದದ್ದು ಮಾತ್ರ ಸದಾ 11 ಅಂಗುಲ ನೀರಿನಷ್ಟು, ಅಂದರೆ ಅರ್ಧ ಪಿಎಸ್‌ಐಗಿಂತಲೂ ಕಡಿಮೆ. ಈ ಅಗಾಧ ಏರಿಳಿತವನ್ನು ಒಂದೇ ಮೆಟ್ಟಿಲಿನಲ್ಲಿ ಇಳಿಸುವ ಗ್ರಿಲ್ಲಿನ ರೆಗ್ಯುಲೇಟರನ್ನು ಇಲ್ಲಿ ಬಳಸಬಾರದು. ಮೊದಲು ಸುಮಾರು 10 ಪಿಎಸ್‌ಐಗೆ, ಅಲ್ಲಿಂದ 11 ಅಂಗುಲಕ್ಕೆ ಇಳಿಸುವ ಎರಡು ಹಂತದ ರೆಗ್ಯುಲೇಟರ್ ಇರಲಿ. ಅದರ ಉಸಿರಾಟದ ರಂಧ್ರ ಕೆಳಮುಖವಾಗಿರಬೇಕು. ಮಳೆಹನಿ ಅಥವಾ ಹಿಮ ಅಲ್ಲಿ ಹೆಪ್ಪುಗಟ್ಟಿದರೆ ರೆಗ್ಯುಲೇಟರ್ ತನ್ನ ಕೆಲಸ ಮಾಡಲಾರದು.

ಅಲ್ಲಿಂದ ಮುಂದೆ ಗೋಡೆ ದಾಟುವುದು ರಬ್ಬರ್ ಹೋಸಲ್ಲ, ಗಟ್ಟಿ ಕೊಳವೆ. ನಿಮ್ಮ ಅಳತೆಗೆ ಅರ್ಧ ಅಂಗುಲದ ಕಪ್ಪು ಕಬ್ಬಿಣದ ಕೊಳವೆ ಧಾರಾಳವಾಯಿತು. ಹೀಟರಿನಿಂದ ಆರಡಿಯೊಳಗೆ ಕೈಗೆ ಸಿಗುವಂತೆ ಒಂದು ಕವಾಟ, ಅದರ ನಂತರ ಕಸ ಮತ್ತು ಎಣ್ಣೆಯಂಶ ಇಳಿದು ನಿಲ್ಲಲು ಕೆಳಕ್ಕೆ ಇಳಿಬಿಟ್ಟ ಒಂದು ಗಿಡ್ಡ ಕೊಳವೆ. ಮೊನಚಾಗುತ್ತ ಹೋಗುವ ತಿರುಪಿನ ಮರೆಗಳಿಗೆ ಪ್ರೊಪೇನಿಗೆ ಒಪ್ಪುವ ಲೇಪ ಅಥವಾ ಹಳದಿ ಟೇಪು ಹಾಕಬೇಕು, ನಲ್ಲಿಗೆ ಸುತ್ತುವ ತೆಳು ಬಿಳಿ ಟೇಪು ಅಲ್ಲ. ಕೊಳವೆಯ ತುದಿಯನ್ನು ಅಗಲಿಸಿ ಕೂರಿಸುವ ಹಿತ್ತಾಳೆಯ ಫ್ಲೇರ್ ಜೋಡಣೆಗೆ ಏನನ್ನೂ ಹಚ್ಚಬಾರದು. ಅಲ್ಲಿ ಲೋಹಕ್ಕೆ ಲೋಹ ಕೂತೇ ಅನಿಲ ತಡೆಯುವುದು, ಲೇಪ ಹಚ್ಚಿದರೆ ಆ ಕೂರುವಿಕೆಯೇ ಕೆಡುತ್ತದೆ. 100 ಪೌಂಡಿನ ಸಿಲಿಂಡರಿನ ಬಾಯಿಗೆ ಎಡಮರೆ, ಅಂದರೆ ಎಡಕ್ಕೆ ತಿರುಗಿಸಿದರೆ ಬಿಗಿಯಾಗುವ ಮರೆ, ಇರುತ್ತದೆಂಬುದು ನೆನಪಿರಲಿ.

ಕೆಲಸ ಮುಗಿದ ಮೇಲೆ ಹೀಟರನ್ನು ಬೇರ್ಪಡಿಸಿ ಕೊಳವೆಗೆ ಗಾಳಿ ತುಂಬಿ, ಕನಿಷ್ಠ 3 ಪಿಎಸ್‌ಐ ಒತ್ತಡದಲ್ಲಿ ಮಾಪಕದ ಮುಳ್ಳು ಇಳಿಯುವುದೇ ಎಂದು ನೋಡುತ್ತಾರೆ. ಹೀಟರಿಗೆ ಜೋಡಿಸಿಯೇ ಆ ಪರೀಕ್ಷೆ ಮಾಡಿದರೆ ಅದರೊಳಗಿನ ಕವಾಟ ಹಾಳಾಗುತ್ತದೆ. ಆಮೇಲೆ ಅನಿಲ ಬಿಟ್ಟು ಪ್ರತಿ ಜೋಡಣೆಗೂ ಸಾಬೂನು ನೀರು ಹಚ್ಚಬೇಕು. ಅಮೋನಿಯ ಇರುವ ಮಾರ್ಜಕ ಬೇಡ, ಅದು ಹಿತ್ತಾಳೆಯಲ್ಲಿ ಬಿರುಕು ಹುಟ್ಟಿಸುತ್ತದೆ. ಬೆಂಕಿಕಡ್ಡಿ ಹಿಡಿದು ಸೋರಿಕೆ ನೋಡುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ, ಹಾಗೆ ಮಾಡುವವರು ನಿಮ್ಮ ಮನೆಗೆ ಬಂದರೆ ಅಲ್ಲಿಗೇ ನಿಲ್ಲಿಸಿ ಕಳುಹಿಸಿ. ಕೊನೆಗೆ ಹೀಟರ್ ಉರಿಯುತ್ತಿರುವಾಗಲೇ ನೀರಿನ ಒತ್ತಡಮಾಪಕದಿಂದ ಅಳೆಯದೆ ಕೆಲಸ ಮುಗಿಯಿತು ಎನ್ನಬಾರದು.

ನಮ್ಮ ಒಂಟಾರಿಯೊದಲ್ಲಿ ಸಿಎಸ್‌ಎ ಬಿ149.1 ಸಂಹಿತೆಯ ಪ್ರಕಾರ ಇದನ್ನೆಲ್ಲ ಪ್ರಮಾಣಪತ್ರ ಇರುವವರೇ ಮಾಡಬೇಕು. ನಿಮ್ಮಲ್ಲಿ ಎನ್‌ಎಫ್‌ಪಿಎ 54 ಮತ್ತು 58ರ ಜೊತೆಗೆ ನಗರದ ನಿಯಮಗಳೂ ಇರುತ್ತವೆ. ಮೊದಲು ನಗರದ ಕಟ್ಟಡ ವಿಭಾಗದಲ್ಲಿ ಅನುಮತಿ ಪಡೆಯಿರಿ, ವಿಮೆಯವರಿಗೂ ಬರೆದು ತಿಳಿಸಿ.

ಉಳಿಸುತ್ತಿಗೆ, ವಿಸ್ಕಾನ್ಸಿನ್ · ಅಕ್ಟೋಬರ್ 11

ನೀಲಿಜ್ವಾಲೆಯವರೇ, ನಾನು ಈ ವರ್ಷ ನನ್ನದನ್ನು ಬದಲಿಸುತ್ತಿದ್ದೇನೆ. ಮೇಷ್ಟ್ರು ಮತ್ತು ಶುಶ್ರೂಷೆಯವರ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ. ಒಂದು ಸಂದೇಹ ಉಳಿದಿದೆ: ಹಳೆಯ ಬಣ್ಣ ಕೀಳಲು ನಾನು ಕ್ಲೋರಿನ್ ಇರುವ ದ್ರಾವಕ ಬಳಸುತ್ತೇನೆ. ಹೀಟರ್ ಹೊರಗಿನ ಗಾಳಿಯನ್ನೇ ಎಳೆಯುವುದಾದರೆ ಅದನ್ನು ಒಳಗೆ ಬಳಸಬಹುದಲ್ಲವೆ?

ನೀಲಿಜ್ವಾಲೆ, ಒಂಟಾರಿಯೊ · ಅಕ್ಟೋಬರ್ 11

ಬೇಡ. ಕ್ಲೋರಿನ್ ಇರುವ ಆವಿ ಜ್ವಾಲೆಗೆ ಸಿಕ್ಕಿದರೆ ಹೈಡ್ರೋಕ್ಲೋರಿಕ್ ಆಮ್ಲವಾಗಿ ಹೀಟರಿನ ಲೋಹವನ್ನು ತಿನ್ನುತ್ತದೆ. ಬೇರ್ಪಟ್ಟ ಬರ್ನರಿಗೆ ಆ ಭಯ ಬಹಳ ಕಡಿಮೆಯಾದರೂ ನಿಮ್ಮ ಶ್ವಾಸಕೋಶಕ್ಕೆ ಇದ್ದೇ ಇದೆ. ಆ ಕೆಲಸ ಬೇಸಿಗೆಯಲ್ಲಿ ಹೊರಗೆ ಆಗಲಿ. ಅರಗಿನಬಣ್ಣದವರಿಗೆ ಇಲ್ಲೊಂದು ಅನುಕೂಲವಿದೆ, ಅವರ ಅರಗು ಒಣಗಿದ ಕಡ್ಡಿಯಾಗಿಯೇ ಮರಕ್ಕೆ ಹತ್ತುತ್ತದೆ, ದ್ರಾವಕದ ಆವಿಯೇ ಇರುವುದಿಲ್ಲ.

ಅರಗಿನಬಣ್ಣ, ಮಿನೆಸೋಟ · ಜನವರಿ 18

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಗೋಡೆ ಮತ್ತು ಛಾವಣಿಯ ಹೊದಿಕೆ ನವೆಂಬರ್ ಮೊದಲ ವಾರ ಮುಗಿಯಿತು. ನಗರದ ಅನುಮತಿ ಸಿಕ್ಕಿತು. ಪರವಾನಗಿ ಇರುವ ತಂತ್ರಜ್ಞರು ಒಂದೇ ದಿನದಲ್ಲಿ ಹೀಟರನ್ನು ಛಾವಣಿಗೆ ತೂಗುಹಾಕಿ, ಹೊರಗಿನ ಗಾಳಿ ಎಳೆಯುವ ಮತ್ತು ಹೊಗೆ ಬಿಡುವ ಕೊಳವೆಗಳನ್ನು ಗೋಡೆಯಾಚೆ ಒಯ್ದು, 100 ಪೌಂಡಿನ ಒಂದು ಸಿಲಿಂಡರಿಗೆ ಜೋಡಿಸಿದರು. ತಪಾಸಣೆಗೆ ಬಂದ ಅಧಿಕಾರಿ ಒತ್ತಡ ಪರೀಕ್ಷೆಯ ಮುಳ್ಳನ್ನು ತಾವೇ ನಿಂತು ನೋಡಿದರು. ಹೊಗೆ ಬಾಯಿ ನೆಲದಿಂದ ಇನ್ನಷ್ಟು ಎತ್ತರದಲ್ಲಿರಲಿ, ಗಾಳಿಗೆ ಒಟ್ಟಿಕೊಂಡ ಹಿಮ ಅದನ್ನು ಮುಚ್ಚೀತು ಎಂದರು. ಅದನ್ನು ಎರಡಡಿ ಮೇಲೆ ಸರಿಸಿದೆವು.

ಕಳೆದ ವಾರ ಒಂದು ತೊಂದರೆಯಾಯಿತು. ಹೊರಗೆ ಸೊನ್ನೆಗಿಂತ 30 ಡಿಗ್ರಿ ಸೆಲ್ಸಿಯಸ್ ಕೆಳಗಿದ್ದ ಬೆಳಗ್ಗೆ ಹೀಟರ್ ಹತ್ತು ನಿಮಿಷ ಉರಿದು ತಾನೇ ಆರುತ್ತಿತ್ತು, ಮತ್ತೆ ಹೊತ್ತಿಸಿದರೂ ಅದೇ ಕಥೆ. ಸಿಲಿಂಡರಿನ ಕೆಳಗಿನ ಕಾಲುಭಾಗ ಮಾತ್ರ ಮಂಜಿನಿಂದ ಬಿಳಿಯಾಗಿತ್ತು. ಪಕ್ಕದ ಮನೆಯವರು ಹೀಟ್ ಗನ್ ತಂದು ಬಿಸಿಮಾಡೋಣ ಎಂದರು. ಅದು ಸರಿಯೆನಿಸದೆ ಬೇಡವೆಂದೆ. ಆ ದಿನ ಕೆಲಸ ನಿಲ್ಲಿಸಿ ತಂತ್ರಜ್ಞರಿಗೆ ಕರೆಮಾಡಿದೆ.

ನೀಲಿಜ್ವಾಲೆ, ಒಂಟಾರಿಯೊ · ಜನವರಿ 18

ಬೇಡವೆಂದದ್ದು ಬಹಳ ಒಳ್ಳೆಯದಾಯಿತು. ಸಿಲಿಂಡರಿಗೆ ಜ್ವಾಲೆಯನ್ನಾಗಲಿ ಹೀಟ್ ಗನ್ನನ್ನಾಗಲಿ ಎಂದೂ ಹಿಡಿಯಬಾರದು, ಬೆಚ್ಚಗಿರಲೆಂದು ಒಳಗೂ ತರಬಾರದು. ನೀವು ಕಂಡ ಆ ಮಂಜಿನ ಗೆರೆಯೇ ದ್ರವದ ಮಟ್ಟ. ಕಾಲುಭಾಗ ದ್ರವ ಮಾತ್ರ ಉಳಿದಿರುವಾಗ ಶಾಖ ಒಳಕ್ಕೆ ಹೋಗಲು ಒದ್ದೆ ಗೋಡೆಯೂ ಅಷ್ಟೇ ಉಳಿದಿತ್ತು, ಅಂಥ ಚಳಿಯಲ್ಲಿ ಗಂಟೆಗೆ 30,000 ಬಿಟಿಯು ಅನಿಲ ಅದರಿಂದ ಹೊರಡದು. ಎರಡನೇ 100 ಪೌಂಡಿನ ಸಿಲಿಂಡರನ್ನು ಜೋಡಿಸಿಸಿ, ಎರಡೂ ಬಾಯಿಗಳನ್ನು ಒಟ್ಟಿಗೆ ತೆರೆದಿಟ್ಟರೆ ಒಂದೊಂದರ ಮೇಲೂ ಅರ್ಧ ಭಾರ ಬೀಳುತ್ತದೆ. ಜನವರಿಯಲ್ಲಿ ಮಟ್ಟ ಮೂರನೇ ಒಂದಕ್ಕೆ ಇಳಿಯುವ ಮೊದಲೇ ತುಂಬಿಸಿ.

ಶುಶ್ರೂಷೆ, ಮಿಶಿಗನ್ · ಜನವರಿ 19

ಮಾಪಕ ಏನು ತೋರಿಸುತ್ತಿದೆ?

ಅರಗಿನಬಣ್ಣ, ಮಿನೆಸೋಟ · ಫೆಬ್ರವರಿ 2

ಅಕ್ಕ, ಸೊನ್ನೆ. ನಾಲ್ಕು ಗಂಟೆ ಸತತ ಉರಿದ ಮೇಲೂ ಸೊನ್ನೆಯೇ. ಪ್ರೊಪೇನ್ ಸೋರಿಕೆಯ ಇನ್ನೊಂದು ಮಾಪಕವನ್ನು ನೆಲದಿಂದ ಗೇಣುದ್ದ ಮೇಲೆ ಹಾಕಿದ್ದೇನೆ. ಎರಡನೇ ಸಿಲಿಂಡರ್ ಬಂದ ಮೇಲೆ ಹೀಟರ್ ಆರಿಲ್ಲ. ಲೇಥಿನ ಹಾಸಿನ ಮೇಲೆ ಒಂದು ಚುಕ್ಕೆ ತುಕ್ಕೂ ಇಲ್ಲ. ನಿನ್ನೆ ಮಗಳು ಆರಿಸಿದ ಹಳದಿ ಅರಗನ್ನು ಬುಗುರಿಗೆ ಹಚ್ಚಿದೆ, ಊರಿನಲ್ಲಿ ಕೂತಂತೆಯೇ ಒಂದೇ ಸಮನೆ ಕೂತಿತು. ಊರಿನಿಂದ ತಂದ ಒಣ ಕೇದಗೆ ಎಲೆಯಿಂದ ಹೊಳಪು ಕೊಟ್ಟು ದೊಡ್ಡಪ್ಪನವರಿಗೆ ಚಿತ್ರ ಕಳುಹಿಸಿದ್ದೇನೆ.